ಫೋಟೋದಾಕಿ

ಬೈಲಹೊಂಗಲದ ಬಜಾರದಲ್ಲಿ ರೇಡಿಯೋ, ಫ್ಯಾನು, ಮಿಕ್ಸರ್ ಮಾರುವ ಒಂದು ಅಂಗಡಿಯಿತ್ತು. ತೊಂಬತ್ತರ ದಶಕದ ನಡುವೆ ಅದರ ಅಟ್ಟದ ಮೇಲೆ ಒಂದು ಕ್ಯಾಸೆಟ್ ಕಂಪನಿ ಹುಟ್ಟಿತು. ಕಂಪನಿ ಎಂದರೆ ಗೋಡೆಗೆಲ್ಲ ಗೋಣಿಚೀಲ ಬಡಿದ ಒಂದು ರೆಕಾರ್ಡಿಂಗ್ ಕೋಣೆ, ನಕಲು ತೆಗೆಯುವ ಒಂದು ಯಂತ್ರ, ಮತ್ತು ಕಿಟಕಿಯ ಪಕ್ಕದ ಮೇಜಿಗೆ ಬಾಗಿ ಕುಳಿತ ನಾನು.

ಧಾರವಾಡದಲ್ಲಿ ಚಿತ್ರಕಲೆಯ ಡಿಪ್ಲೊಮಾ ಮುಗಿಸಿ, ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಬೇಸತ್ತಿದ್ದೆ. ಅಪ್ಪ ನಿವೃತ್ತ ಕನ್ನಡ ಮಾಸ್ತರರು. ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಹೇಳುತ್ತಿದ್ದರು. ಪುರಾಣ ಕೇಳಲು ಬರುತ್ತಿದ್ದ ಅಂಗಡಿಯ ಮಾಲೀಕರು ಒಮ್ಮೆ ನಮ್ಮ ಮನೆಯ ಗೋಡೆಯ ಮೇಲೆ ನಾನು ಬರೆದ ಚಿತ್ರಗಳನ್ನು ನೋಡಿ, “ಮಾಸ್ತರ, ಮಗಳನ್ನ ನಮ್ಮ ಕಂಪನಿಗೆ ಕಳಸ್ರಿ. ಕ್ಯಾಸೆಟ್ಟಿನ ಕವರ್ ಬರದುಕೊಡ್ಲಿ. ಎಲ್ಲಾ ದೇವರ ಪದಾನ ಮಾಡಾವ್ರು ನಾವು” ಅಂದರು. ದೇವರ ಪದ ಎಂಬ ಒಂದು ಮಾತಿಗೆ ಅಪ್ಪ ಒಪ್ಪಿದರು. ಅಪ್ಪ ಒಪ್ಪದಿದ್ದರೆ ಚೆನ್ನಾಗಿತ್ತು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಸುಳ್ಳೇ. ಒಪ್ಪದಿದ್ದರೆ ಜಗಳ ಮಾಡಿಯಾದರೂ ಹೋಗುತ್ತಿದ್ದೆ.

ಮಾಲೀಕರಿಗೆ ಚಿತ್ರಕಲೆ ಗೊತ್ತಿರಲಿಲ್ಲ. ಮಂದಿಯ ಕಣ್ಣು ಗೊತ್ತಿತ್ತು. ಮೊದಲ ವಾರವೇ ನನ್ನನ್ನು ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯ ಎದುರಿಗೆ ನಿಲ್ಲಿಸಿ ಹೇಳಿದರು:

“ನೋಡವಾ, ಬಸ್ಸು ಇಲ್ಲಿ ಐದು ನಿಮಿಷ ನಿಂದರತೈತಿ. ಕಿಡಕ್ಯಾಗಿಂದ ನೋಡಿದವಗ ಇದು ದೇವರ ಪದನೋ, ಡೊಳ್ಳಿನ ಪದನೋ, ಹುಡುಗಾಟದ ಪದನೋ ಅಂತ ಓದದನ ತಿಳೀಬೇಕು. ಹಾಡು ಆಮ್ಯಾಲೆ ಕೇಳತಾರ. ಮೊದಲ ನೋಡತಾರ.”

ಕಲಿಯಲು ನನಗೆ ಹೆಚ್ಚು ದಿನ ಹಿಡಿಯಲಿಲ್ಲ. ಸವದತ್ತಿಯ ಎಲ್ಲಮ್ಮನ ಪದಗಳಿಗೆ ಭಂಡಾರದ ಹಳದಿ, ಅಂಚಿಗೆ ಬೇವಿನ ಎಲೆ, ಮೂಲೆಯ ದುಂಡನೆಯ ಚೌಕಟ್ಟಿನಲ್ಲಿ ಕೈಮುಗಿದ ಹಾಡುಗಾರ. ಡೊಳ್ಳಿನ ಪದಕ್ಕೆ ಹೆಗಲ ಮೇಲೆ ಕಂಬಳಿ, ಹಳದಿ ರುಮಾಲು, ತೆರೆದ ಬಾಯಿ. ಬಾಯಿ ತೆರೆದೇ ಇರಬೇಕು. ಬಾಯಿ ಮುಚ್ಚಿದರೆ ಅವನು ಭಜನೆಯವನಾಗುತ್ತಾನೆ. ಭಜನೆಯವನಿಗೆ ಕಣ್ಣು ಅರೆಮುಚ್ಚಿರಬೇಕು, ಅಕ್ಷರಗಳು ನೆಟ್ಟಗೆ ನಿಂತಿರಬೇಕು. ಹುಡುಗಾಟದ ಪದವಾದರೆ ಅಕ್ಷರಗಳು ಕುಣಿಯಬೇಕು, ಹಿಂದೆ ಗುಲಾಬಿ ಬಣ್ಣ, ಸೆರಗಿನ ತುದಿ ಕಚ್ಚಿಕೊಂಡ ಒಬ್ಬ ಹುಡುಗಿ. ಕುಡಿದು ಬಂದು ರೆಕಾರ್ಡಿಂಗ್ ಕೋಣೆಯಲ್ಲೇ ಗೊರಕೆ ಹೊಡೆದ ಹಾಡುಗಾರನ ತಲೆಯ ಹಿಂದೆ ನಾನೇ ಪ್ರಭೆ ಬರೆದಿದ್ದೇನೆ. ಆ ಮನುಷ್ಯ ಆಮೇಲೆ ಊರೂರಲ್ಲಿ ಕಾಲಿಗೆ ಬೀಳಿಸಿಕೊಂಡು ತಿರುಗಿದ. ನನಗೆ ನಾಚಿಕೆಯಾಗಲಿಲ್ಲ. ನನ್ನ ಕೈಗೆ ಇಷ್ಟು ಶಕ್ತಿಯಿದೆಯಲ್ಲ ಎಂದು ಹೆಮ್ಮೆಯಾಯಿತು.

ಕಂಪನಿಗೆ ಮೂರು ವರ್ಷವಾಗಿದ್ದಾಗ ರಾಮದುರ್ಗದ ಕಡೆಯಿಂದ, ತೊರಗಲ್ ಹತ್ತಿರದ ಒಂದು ಹಳ್ಳಿಯಿಂದ, ಆಕೆ ಬಂದಳು. ಜೊತೆಗೆ ಗಂಡ. ಇಬ್ಬರೂ ಊರ ಮಠದ ಭಜನಾ ಮೇಳದವರು. ಆಕೆ ತತ್ವಪದ ಹಾಡುವುದು, ಆತ ಚರ್ಮದ ದಿಮ್ಮಡಿ ಬಾರಿಸುವುದು. ವಯಸ್ಸು ನಲವತ್ತರ ಆಚೀಚೆ. ಎರೆಮಣ್ಣಿನಂಥ ಕಪ್ಪು ಬಣ್ಣ, ಸ್ವಲ್ಪ ಮುಂದೆ ಬಂದ ಹಲ್ಲು, ಕೆನ್ನೆಯ ಮೇಲೆ ಹಳೆಯ ಸಿಡುಬಿನ ಕಲೆ, ತಲೆಯ ತುಂಬ ಇಳಕಲ್ ಸೀರೆಯ ಸೆರಗು. ಹೊಲದ ಕೆಲಸ ಮಾಡಿ ಗಟ್ಟಿಯಾದ ಕೈಯಲ್ಲಿ ಏಕತಾರಿ.

ಆಕೆ ಹಾಡಲು ಶುರುಮಾಡಿದಾಗ ನಾನು ಕುಂಚ ಕೆಳಗಿಟ್ಟೆ. ಎತ್ತರದ ದನಿಯಲ್ಲ ಅದು. ಹಗೇವಿನಿಂದ ಜೋಳ ತೆಗೆಯುವಾಗ ಒಳಗಿಳಿದವರು ಮಾತಾಡಿದರೆ ಕೇಳುತ್ತದಲ್ಲ, ಹಾಗೆ ನೆಲದೊಳಗಿನಿಂದ ಬರುವ ದನಿ. ಹಾಡು ಮುಗಿದ ಮೇಲೆ ಮಾಲೀಕರು ಹೊರಗೆ ಬಂದು ನನ್ನ ಕಿವಿಯಲ್ಲಿ, “ದನಿ ಬಂಗಾರ ಐತಿ. ಆದ್ರ ಮಾರಿ…” ಎಂದು ನಿಲ್ಲಿಸಿದರು.

ಆ ಕ್ಯಾಸೆಟ್ಟಿನ ಕವರನ್ನು ನನಗೆ ಬೇಕಾದ ಹಾಗೆ ಮಾಡುತ್ತೇನೆಂದು ಹಟ ಹಿಡಿದೆ. ಮಾಲೀಕರ ಕ್ಯಾಮೆರಾ ಹಿಡಿದುಕೊಂಡು ಆಕೆಯ ಊರಿಗೇ ಹೋದೆ. ಮನೆಯ ಕಟ್ಟೆಯ ಮೇಲೆ ಕೂರಿಸಿ ಫೋಟೋ ತೆಗೆಯುವಾಗ ಆಕೆ ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡಳು.

“ನನ್ನ ಮಾರಿ ಬ್ಯಾಡ ತಂಗಿ. ಏಕತಾರಿದಷ್ಟ ತಗೀ. ಹಾಡೂದು ಅದನ.”

“ಹಾಡೂದು ನೀವ್ರಿ ಅಕ್ಕಾರ. ಮಂದಿ ನಿಮ್ಮನ್ನ ನೋಡ್ಲಿ.”

ಆಕೆ ನಕ್ಕಳು. ಹಲ್ಲು ಕಾಣುತ್ತದೆಂದು ಬಾಯಿಗೆ ಕೈ ಅಡ್ಡ ಹಿಡಿದಳು. ಕೈ ಇಳಿಸಿದರೂ ನಗು ಇನ್ನೂ ಉಳಿದಿರುವಾಗಲೇ ನಾನು ಗುಂಡಿ ಒತ್ತಿದೆ. ಆ ಫೋಟೋವನ್ನೇ ಇಟ್ಟೆ. ಬಿಳಿಯ ಹಿನ್ನೆಲೆ, ಪ್ರಭೆ ಇಲ್ಲ, ಲಿಂಗ ಇಲ್ಲ, ಹೂವಿಲ್ಲ. ಬರೀ ಆಕೆ, ಕೈಯಲ್ಲಿ ಏಕತಾರಿ, ಕೆಳಗೆ ಸಣ್ಣಗೆ ಕಪ್ಪಕ್ಷರದಲ್ಲಿ ಹೆಸರು. ನಾನು ಮಾಡಿದ ಕವರ್‌ಗಳಲ್ಲಿ ಅದೊಂದೇ ಒಳ್ಳೆಯದು. ಅದೊಂದೇ ಯಾರಿಗೂ ಬೇಡವಾದದ್ದು.

ಮೂರು ತಿಂಗಳ ಮೇಲೆ ಡಬ್ಬಗಳು ಹಾಗೇ ವಾಪಸು ಬಂದವು. ಸವದತ್ತಿಯ ಅಂಗಡಿಯವನನ್ನು ನಾನೇ ಹೋಗಿ ಕೇಳಿದೆ. ಅವನು ಕ್ಯಾಸೆಟ್ಟನ್ನು ಬೆರಳ ತುದಿಯಲ್ಲಿ ಹಿಡಿದು, “ಇದನ್ನ ನೋಡಿದ್ರ ಸತ್ತವರ ಮನ್ಯಾಗ ಹಚ್ಚೂ ಕ್ಯಾಸೆಟ್ ಅನಸ್ತೈತ್ರಿ ಬಾಯಾರ. ಎಲ್ಲಮ್ಮನ ಗುಡ್ಡಕ್ಕ ಬಂದ ಮಂದಿ ಮುಟ್ಟಿ ಸುದ್ದಾ ನೋಡವಲ್ರು” ಅಂದ. ಹಾಡು ಕೇಳಿದ್ದೀಯಾ ಎಂದೆ. ಇಲ್ಲ ಎಂದ. ಅವನ ಅಂಗಡಿಯಲ್ಲಿ ದಿನವಿಡೀ ಟೇಪು ಹಾಡುತ್ತಿತ್ತು. ಇದನ್ನು ಒಮ್ಮೆಯೂ ಹಚ್ಚಿರಲಿಲ್ಲ.

ಮಾಲೀಕರು ಬೈಯಲಿಲ್ಲ. “ನಿನ್ನ ಕೈಚಳಕ ನೋಡಿದ್ವಿ. ಇನ್ನ ನನ್ನ ಮಾತು ಕೇಳು” ಅಂದರು, ಅಷ್ಟೆ.

ಅದಾಗಿ ಒಂದೆರಡು ವರ್ಷಕ್ಕೆ ಅಟ್ಟಕ್ಕೆ ಕಂಪ್ಯೂಟರ್ ಬಂತು. ಹುಬ್ಬಳ್ಳಿಗೆ ಹೋಗಿ ಫೋಟೋ ತಿದ್ದುವುದನ್ನು ಕಲಿತು ಬಂದೆ. ಕತ್ತರಿ, ಅಂಟು, ಬಣ್ಣ ಎಲ್ಲ ಮೂಲೆಗೆ ಸೇರಿದವು. ಯಾರ ಕೆನ್ನೆಯನ್ನಾದರೂ ಬೆಳ್ಳಗೆ ಮಾಡಬಹುದಿತ್ತು. ಮಾಡಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಹೊತ್ತಿಗೆ ಕಂಪನಿ ದೇವರ ಪದವನ್ನು ಬಿಟ್ಟು ಬಹಳ ದೂರ ಬಂದಿತ್ತು. ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಕಬ್ಬು ಹೊರುವ ಟ್ರ್ಯಾಕ್ಟರುಗಳೇ ನಮ್ಮ ದೊಡ್ಡ ಗಿರಾಕಿ. ಸಾಲುಗಟ್ಟಿ ನಿಂತ ಡ್ರೈವರುಗಳಿಗೆ ಬೇಕಾದದ್ದು ಹುಡುಗಾಟದ ಪದ. ಅಪ್ಪನಿಗೆ ನಾನು ಏನು ಮಾಡುತ್ತೇನೆಂದು ಹೇಳುವುದನ್ನು ನಿಲ್ಲಿಸಿದ್ದೆ. ಅವರೂ ಕೇಳುವುದನ್ನು ನಿಲ್ಲಿಸಿದ್ದರು.

ಒಂದು ದಿನ ಮಾಲೀಕರು ಆಕೆಯನ್ನು ಮತ್ತೆ ಕರೆಸಿದರು. ಈ ಸಲ ತತ್ವಪದ ಬೇಡ, ಬೀಗರ ಪದ ಹಾಡು ಎಂದರು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹೀಯಾಳಿಸಿ ನಗುವ ಪದಗಳವು. ಬೀಗರ ಮೀಸೆ, ಬೀಗತಿಯ ನಡಿಗೆ, ಸ್ವಲ್ಪ ಪೋಲಿ ಮಾತು, ಎಲ್ಲ ಇರುತ್ತದೆ. ಹೆಂಗಸರು ಹೆಂಗಸರ ನಡುವೆ ಹಾಡಿಕೊಂಡು ನಗುವ ಮಾತು. ಅದರಲ್ಲಿ ಯಾರೂ ತಪ್ಪು ಕಂಡವರಿಲ್ಲ. ಆಕೆಗೂ ಕಾಣಲಿಲ್ಲ. ನಗುನಗುತ್ತಾ ಹಾಡಿದಳು. ಗಂಡ ದಿಮ್ಮಡಿ ಬಾರಿಸುತ್ತಾ ತಾನೂ ನಕ್ಕ. ರೆಕಾರ್ಡಿಂಗ್ ಕೋಣೆಯಲ್ಲಿ ಅಂಥ ನಗು ನಾನು ಹಿಂದೆ ಕೇಳಿರಲಿಲ್ಲ.

ಅವರು ಊರಿಗೆ ಹೋದ ಮೇಲೆ ಮಾಲೀಕರು ಕ್ಯಾಸೆಟ್ಟಿಗೆ ಒಂದು ಹೊಲಸು ಹೆಸರಿಟ್ಟರು. ಅದನ್ನು ಇಲ್ಲಿ ಬರೆಯಲಾರೆ. ಯಾವುದೋ ಕ್ಯಾಲೆಂಡರಿನ ಹಾಳೆಯೊಂದನ್ನು ನನ್ನ ಮೇಜಿನ ಮೇಲೆ ಹಾಸಿದರು. ಬಾವಿಯ ಕಟ್ಟೆಯ ಮೇಲೆ ಒದ್ದೆ ಸೀರೆಯಲ್ಲಿ ಕೂತ ಹುಡುಗಿ.

“ಈಕಿನ್ನ ಹಾಕು. ಕೆಳಗ ಅಕಿ ಹೆಸರು ದೊಡ್ಡದಾಗಿ ಬರಿ.”

“ಹಾಡಿದಾಕಿ ಒಬ್ಬಾಕಿ, ಫೋಟೋದಾಕಿ ಒಬ್ಬಾಕಿ. ಇದು ಸರಿ ಹೋಗೂದಿಲ್ಲರಿ ಸಾವ್ಕಾರ್ರ. ಹಾಡಿದವರ ಮಾರಿ ಇರಬೇಕು.”

“ಆ ಮಾರಿ ಇಟ್ಟರ ಮತ್ತ ಡಬ್ಬ ವಾಪಸ್ ಬರತಾವು.”

ಇಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಅಥವಾ ಎದ್ದು ಮನೆಗೆ ಹೋಗಬೇಕಿತ್ತು. ಎರಡೂ ಮಾಡಲಿಲ್ಲ. “ಅವರ ಮಾರೀನ ಇರ್ತೈತ್ರಿ. ಎರಡು ದಿನ ಕೊಡ್ರಿ” ಎಂದೆ. ಆಕೆಗೆ ನ್ಯಾಯ ಮಾಡುತ್ತಿದ್ದೇನೆಂದು ಅಂದುಕೊಂಡಿದ್ದೆ. ಹೊಸದಾಗಿ ಕಲಿತ ವಿದ್ಯೆಯನ್ನು ತೋರಿಸುವ ಹುಚ್ಚೂ ಇತ್ತು. ಯಾವುದು ಎಷ್ಟಿತ್ತು ಎಂದು ಈಗ ಬೇರ್ಪಡಿಸಿ ಹೇಳಲಾರೆ.

ಕಟ್ಟೆಯ ಮೇಲೆ ತೆಗೆದ ಅದೇ ಫೋಟೋವನ್ನು ಕಂಪ್ಯೂಟರಿಗೆ ಹಾಕಿದೆ. ಸಿಡುಬಿನ ಕಲೆಗಳನ್ನು ಒಂದೊಂದಾಗಿ ಅಳಿಸಿದೆ. ಹಲ್ಲನ್ನು ಒಳಗೆ ತಳ್ಳಿದೆ. ಮೂಗನ್ನು ಸಣ್ಣ ಮಾಡಿದೆ. ಬಣ್ಣವನ್ನು ಮೊದಲು ಗೋಧಿಗೆ, ಆಮೇಲೆ ಹಾಲಿಗೆ ತಂದೆ. ತಲೆಯ ಸೆರಗನ್ನು ತೆಗೆದು ಹಾಕಿದೆ. ಕಣ್ಣುಗಳನ್ನು ಮಾತ್ರ ಮುಟ್ಟಲಿಲ್ಲ. ನಗುವಾಗ ಕಿರಿದಾದ ಆ ಕಣ್ಣು ಹಾಗೇ ಇರಲಿ ಎಂದು ಬಿಟ್ಟೆ. ಹಾಗೆ ಬಿಟ್ಟದ್ದೇ ಮುಳುವಾಯಿತು. ಮುಖವನ್ನು ಆ ಒದ್ದೆ ಸೀರೆಯ ಮೈಯ ಮೇಲೆ ಕೂರಿಸಿದಾಗ, ಆಕೆ ಕ್ಯಾಮೆರಾಕ್ಕೆ ನಾಚಿ ನಕ್ಕ ನಗು, ನೋಡುವವನನ್ನು ಕರೆಯುವ ನಗುವಾಗಿತ್ತು. ಮಾಲೀಕರು ಬಹಳ ಹೊತ್ತು ನೋಡಿದರು.

“ಏನ್ ಕೈಯವಾ ನಿಂದು! ಅಕೀನೂ ಹೌದು, ಅಕೀನೂ ಅಲ್ಲ” ಅಂದರು.

ಆಕೆಗೆ ಅದನ್ನು ತೋರಿಸಬೇಕೆಂದು ನಮ್ಮಿಬ್ಬರಲ್ಲಿ ಯಾರಿಗೂ ಅನ್ನಿಸಲಿಲ್ಲ. ನನಗೆ ಅನ್ನಿಸಿತ್ತು ಎಂದು ಬರೆಯುವ ಆಸೆಯಿದೆ. ಅನ್ನಿಸಿರಲಿಲ್ಲ.

ಕ್ಯಾಸೆಟ್ ಹೇಗೆ ಓಡಿತೆಂದರೆ ನಕಲು ಯಂತ್ರ ಬಿಸಿಯಾಗಿ ದಿನಕ್ಕೆರಡು ಸಲ ನಿಲ್ಲುತ್ತಿತ್ತು. ಸಂಗೊಳ್ಳಿ ಕಡೆಯ ಟಂಟಂ ರಿಕ್ಷಾಗಳಲ್ಲಿ, ಕಿತ್ತೂರಿನ ಚಹಾ ಅಂಗಡಿಗಳಲ್ಲಿ, ಎಲ್ಲಿ ಹೋದರೂ ಆಕೆಯ ದನಿ. ರಾಮದುರ್ಗದ ಕಡೆ ಮಾತ್ರ ಅದಿನ್ನೂ ಮುಟ್ಟಿರಲಿಲ್ಲ, ಆಕೆಗೆ ನಾವೂ ಒಂದು ಪ್ರತಿ ಕಳಿಸಿರಲಿಲ್ಲ. ಕಿತ್ತೂರಿನ ಹತ್ತಿರದ ಒಂದು ಹಳ್ಳಿಯ ಯುವಕ ಸಂಘದವರು ಗಣಪತಿ ಹಬ್ಬದ ರಸಮಂಜರಿಗೆ ಆಕೆಯನ್ನು ಕರೆಸಬೇಕೆಂದು ಮಾಲೀಕರ ಹತ್ತಿರ ಬಂದರು. ವೇದಿಕೆಯ ಹಿಂದಿನ ಬಟ್ಟೆಗೆ ಅದೇ ಕವರನ್ನು ಆಳೆತ್ತರಕ್ಕೆ ಮಾಡಿಸಿಕೊಡಿ ಎಂದರು. ಅದನ್ನೂ ನಾನೇ ಮಾಡಿಕೊಟ್ಟೆ, ಕಟ್ಟಿಸಲು ಜೊತೆಗೂ ಹೋದೆ.

ಸಂಜೆ ಐದಕ್ಕೆ ಆಕೆ ಗಂಡನ ಜೊತೆ ಬಸ್ಸಿಳಿದು ಬಂದಳು. ಹೊಸ ಸೀರೆ, ಎಂದಿನಂತೆ ತಲೆಯ ಮೇಲೆ ಸೆರಗು, ಬಗಲಲ್ಲಿ ಏಕತಾರಿ. ವೇದಿಕೆಯ ಹಿಂದಿನ ಮೆಟ್ಟಿಲಿನಿಂದ ಹತ್ತಿದ್ದರಿಂದ ಆ ಚಿತ್ರ ಆಕೆಗೆ ಕಾಣಿಸಿರಲಿಲ್ಲ. ಮೈಕಿನ ಮುಂದೆ ನಿಂತು ಕೈಮುಗಿದಳು. ಎದುರಿಗೆ ಗಂಡುಮಕ್ಕಳೇ ತುಂಬಿದ್ದರು.

ಮೊದಲು ಸಿಳ್ಳೆ. ಆಮೇಲೆ ಸಿಳ್ಳೆ ನಿಂತಿತು. ಯಾರೋ ಕೂಗಿದ: “ಏ, ಈಕಿ ಯಾರೋ? ಫೋಟೋದಾಕಿ ಎಲ್ಲಿ?”

ಇನ್ನೊಬ್ಬ, “ಅವರವ್ವನ್ನ ಕಳಿಸ್ಯಾರಲೇ!”

ನಗು ಎದ್ದಿತು. ಆಕೆಗೆ ಅರ್ಥವಾಗಲಿಲ್ಲ. ಗಂಡನ ಕಡೆ ನೋಡಿ ಶ್ರುತಿ ಮೀಟಿ, ಶುರುವಿಗೆ ಒಂದು ತತ್ವಪದ ಎತ್ತಿದಳು. ಯಾವ ಹಾಡಿನ ಕೂಟವನ್ನೂ ಆಕೆ ಹಾಗೇ ಶುರುಮಾಡುತ್ತಿದ್ದುದು. ಎರಡು ಸಾಲು ಮುಗಿಯುವಷ್ಟರಲ್ಲಿ ಕೂಗು ದನಿಯನ್ನು ಮುಚ್ಚಿತು. “ಫೋಟೋದಾಕಿನ್ನ ಕರೀರಿ!” ಒಂದು ಚಪ್ಪಲಿ ಬಂದು ವೇದಿಕೆಯ ಅಂಚಿಗೆ ಬಿತ್ತು. ಗಂಡ ಎದ್ದು, ಅವರೆಲ್ಲ ಬೆರಳು ಮಾಡಿ ತೋರಿಸುತ್ತಿದ್ದ ಕಡೆ ತಿರುಗಿ ನೋಡಿದ. ಅವನು ನೋಡಿದ್ದನ್ನು ಕಂಡು ಆಕೆಯೂ ತಿರುಗಿದಳು.

ನಾನು ವೇದಿಕೆಯ ಪಕ್ಕದಲ್ಲಿದ್ದೆ. ಆಕೆ ಆ ಆಳೆತ್ತರದ ಚಿತ್ರದ ಮುಂದೆ ನಿಂತದ್ದನ್ನು ನೋಡಿದೆ. ಒಮ್ಮೆಲೇ ಗುರುತು ಹಿಡಿಯಲಿಲ್ಲ. ಮೊದಲು ಹೆಸರು ಓದಿದಳು. ಮೂರನೆಯ ಇಯತ್ತೆಯವರೆಗೆ ಓದಿದ್ದರಿಂದ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಆಮೇಲೆ ಮೈ ನೋಡಿದಳು. ಕೊನೆಗೆ ಕಣ್ಣು ನೋಡಿದಳು. ಸೆರಗನ್ನು ಎರಡೂ ಕೈಯಿಂದ ಎಳೆದು ಎದೆಗೆ ಒತ್ತಿ ಹಿಡಿದುಕೊಂಡು ಹಿಂದಿನ ಮೆಟ್ಟಿಲಿನಿಂದ ಇಳಿದು ಹೋದಳು. ನಾನು ಹಿಂದೆ ಹೋಗಲಿಲ್ಲ. ಸಂಘದವರು ಟೇಪು ಹಚ್ಚಿದರು. ಈಗಷ್ಟೇ ಓಡಿಸಿದವಳ ದನಿಗೇ ಆ ಹುಡುಗರು ಕುಣಿದರು.

ಹದಿನೈದು ದಿನ ಬಿಟ್ಟು ಆಕೆ ಒಬ್ಬಳೇ ಅಟ್ಟ ಹತ್ತಿ ಬಂದಳು. ಮಾಲೀಕರು ಇರಲಿಲ್ಲ. ಕುಂದರ್ರಿ ಎಂದೆ. ಕೂರಲಿಲ್ಲ. ಸೊಂಟದ ಚೀಲದಿಂದ ನಾಲ್ಕು ಮಡಿಕೆಯಾದ ಕವರ್ ತೆಗೆದು ನನ್ನ ಮೇಜಿನ ಮೇಲಿಟ್ಟಳು.

“ಇದರಾಗ ನಾ ಎಲ್ಲಿ ಅದೇನಿ, ತೋರಸು.”

ನಾನು ಕವರಿನ ಮಡಿಕೆಗಳನ್ನು ಬೆರಳಿನಿಂದ ನೇರಮಾಡಿದೆ.

“ತೋರಸು ತಂಗಿ. ನನಗ ತಿಳೀವಲ್ದು. ಊರ ಮಂದಿಗೆಲ್ಲಾ ತಿಳದೈತಿ.”

“ಕಣ್ಣು ನಿಮ್ಮವ್ರಿ ಅಕ್ಕಾರ” ಎಂದೆ.

“ನಾ ಹಿಂಗ ನೋಡತೇನೇನು? ನನ್ನ ಕಟ್ಟಿ ಮ್ಯಾಲ ಕುಂತು, ನಿನ್ನ ಮಾರಿ ನೋಡಿ ನಕ್ಕಿದ್ದೆ ನಾ. ಅದನ್ನ ಯಾರ ಮೈಗೆ ಹಚ್ಚೀದಿ?”

ಸಾವ್ಕಾರ್ರು ಹೇಳಿದ್ದಕ್ಕೆ ಮಾಡಿದೆ, ನೌಕರಿ ನನ್ನದು ಎಂದು ಏನೇನೋ ತೊದಲಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

“ಸಾವ್ಕಾರ ಯಾಪಾರದಾಂವ. ಯಾಪಾರ ಮಾಡ್ಯಾನ. ನೀ ನನ್ನ ಮನ್ಯಾಗ ರೊಟ್ಟಿ ಉಂಡು ಬಂದಾಕಿ.”

ಮಠದ ಹಿರಿಯರು, ಸ್ವಲ್ಪ ದಿನ ಭಜನೆಗೆ ಬರಬೇಡ ಎಂದು ಗಂಡನ ಕೈಯಲ್ಲಿ ಹೇಳಿ ಕಳಿಸಿದ್ದರಂತೆ. ಗಂಡ ಬೈದಿರಲಿಲ್ಲ, ಹೊಡೆದಿರಲಿಲ್ಲ. ದಿಮ್ಮಡಿಯ ಚರ್ಮವನ್ನು ಕುಡುಗೋಲಿನಿಂದ ಹರಿದು ಗೂಟಕ್ಕೆ ತೂಗುಹಾಕಿದ್ದನಂತೆ. “ಬೈದಿದ್ರ ಛಲೋ ಇತ್ತು” ಅಂದಳು. ಆಕೆ ಅಳಲಿಲ್ಲ. ನಾನು ಅತ್ತೆ. ಅದರಿಂದ ಆಕೆಗೇನೂ ಉಪಯೋಗವಾಗಲಿಲ್ಲ.

“ಒಂದ ಕೆಲಸ ಮಾಡು. ಇನ್ನ ಮುಂದ ಮಾಡೂ ಕ್ಯಾಸೆಟ್ಟಿನ ಮ್ಯಾಲ ನನ್ನ ಮಾರಿ ತಗದ ಬಿಡು. ಅಷ್ಟ ಸಾಕು” ಎಂದು ಹೇಳಿ ಹೋದಳು.

ಮರುದಿನ ಮಾಲೀಕರಿಗೆ ಹೇಳಿದೆ. ಜಗಳಕ್ಕೆ ತಯಾರಾಗಿ ಬಂದಿದ್ದೆ. ಅವರು ಒಂದೇ ಮಾತಿಗೆ ಒಪ್ಪಿಕೊಂಡರು. ನನಗೆ ಆಶ್ಚರ್ಯವಾಯಿತು.

“ಹೂಂ, ತಗೀ. ನನಗೂ ಪಂಚಾಯ್ತಿ ಬ್ಯಾಡ. ಕ್ಯಾಲೆಂಡರಿನಾಕಿ ಮಾರೀನ ವಾಪಸ್ ಹಚ್ಚು. ಹೆಸರೂ ತಗೀ.”

“ಹೆಸರು ಯಾಕ್ರಿ?”

“ಹೆಸರಿದ್ರ ಮತ್ತ ಅಕಿ ಬರತಾಳ. ಮತ್ತೊಂದು ಹೆಸರು ಇಡು. ಸಣ್ಣ ಹುಡುಗಿ ಹೆಸರು ಇರ್ಲಿ. ಪ್ಯಾಟಿ ಹೆಸರು.”

ಹಾಡಿದ್ದು ಅವರಲ್ಲವೇ ಎಂದೆ. “ಮಾರಿ ತಗೀ ಅಂದಾಕಿ ಅಕೀನ ಅಲ್ಲೇನು?” ಅಂದರು.

ಆಕೆ ಕೇಳಿದ್ದು ನೆರವೇರಿತು. ಆಕೆಯ ಮುಖ ಹೋಯಿತು. ಅದರ ಜೊತೆ ಆಕೆಯ ಹೆಸರೂ ಹೋಯಿತು. ದನಿ ಮಾತ್ರ ಕ್ಯಾಸೆಟ್ಟಿನೊಳಗೆ ಉಳಿದು, ಎಲ್ಲಿಯೂ ಹುಟ್ಟದ ಒಬ್ಬ ಹುಡುಗಿಯ ಪಾಲಾಯಿತು. ಆ ಹುಡುಗಿಯ ಹೆಸರನ್ನು ಯೋಚಿಸಿ ಇಟ್ಟವಳು ನಾನು. ಕುಣಿಯುವ ಅಕ್ಷರದಲ್ಲಿ ಬರೆದವಳೂ ನಾನು. ಬಿಟ್ಟು ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅಟ್ಟದ ಮೇಲೆ ನನಗೊಂದು ಮೇಜಿತ್ತು, ಊರಲ್ಲಿ ಬೇರೆ ಯಾವ ಹೆಣ್ಣಿಗೂ ಇಲ್ಲದ ಒಂದು ಕೆಲಸವಿತ್ತು. ಅದನ್ನು ಬಿಡಲು ಮನಸ್ಸು ಬರಲಿಲ್ಲ.

ಕೆಲಸ ತಾನಾಗಿಯೇ ಬಿಟ್ಟುಹೋಯಿತು. ನೂರು ಹಾಡಿನ ಸಿ.ಡಿ.ಗಳು ಬಂದವು. ಅದರ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಹತ್ತು ಹದಿನೈದು ಮುಖ, ಯಾರು ಏನು ಹಾಡಿದ್ದಾರೆಂದು ಯಾರಿಗೂ ಬೇಕಿರಲಿಲ್ಲ. ಮಾಲೀಕರು ಅಟ್ಟವನ್ನು ಮೊಬೈಲ್ ಗೋದಾಮು ಮಾಡಿದರು. ನಾನು ಸವದತ್ತಿಯ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆದೆ. ಅಪ್ಪ ಸಾಯುವ ಮುಂಚೆ ಒಮ್ಮೆ, “ಕ್ಯಾಸೆಟ್ಟಿನ ಕಾಲದಾಗ ಏನ್ ಬರದೀ ನೀನು?” ಎಂದು ಕೇಳಿದರು. “ದೇವರ ಚಿತ್ರ ಅಪ್ಪಾ” ಎಂದೆ.

ಅಪ್ಪ ತೀರಿಕೊಂಡ ವರ್ಷ, ದೀಪಾವಳಿ ಕಳೆದ ಮೇಲೆ, ರಾಮದುರ್ಗದ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಊರಿಗೆ ಹೋದಾಗ ಕಟ್ಟೆಯ ಮೇಲೆ ಗಂಡ ಕೂತಿದ್ದ. ಗುರುತು ಹಿಡಿದ, ಕುಂದರ್ರಿ ಎನ್ನಲಿಲ್ಲ. “ಹೊಲದಾಗ ಅದಾಳ” ಎಂದು ಕೈ ತೋರಿಸಿದ.

ಹತ್ತಿಯ ಹೊಲದಲ್ಲಿ ಏಳೆಂಟು ಹೆಂಗಸರು ಸಾಲಾಗಿ ಹತ್ತಿ ಬಿಡಿಸುತ್ತಿದ್ದರು. ದೂರದಿಂದಲೇ ಆ ದನಿ ಕೇಳಿಸಿತು. ಆಕೆ ಒಂದು ಸಾಲು ಹೇಳುವುದು, ಉಳಿದವರು ಎತ್ತಿಕೊಳ್ಳುವುದು. ನನ್ನನ್ನು ಕಂಡೊಡನೆ ಹಾಡು ನಿಂತಿತು. ಕೂದಲು ಬೆಳ್ಳಗಾಗಿತ್ತು. ಉಡಿಯ ತುಂಬ ಇದ್ದ ಹತ್ತಿಯನ್ನು ಚೀಲಕ್ಕೆ ಸುರಿದು ಬದುವಿಗೆ ಬಂದಳು.

“ಮಠಕ್ಕ ಹೊಕ್ಕೀರೇನ್ರಿ ಅಕ್ಕಾರ ಈಗ?”

“ಎರಡು ವರ್ಷ ಬಿಟ್ಟು ಕರದ್ರು. ನಾ ಹೋಗಲಿಲ್ಲ.”

“ಯಾಕ್ರಿ?”

“ಬರಬ್ಯಾಡ ಅಂದಾಗ ಸುಮ್ಕ ಇದ್ದೆ. ಬಾ ಅಂದಾಗರ ಬ್ಯಾಡ ಅನಬೇಕಲ್ಲ.”

ಜೋಡಿಸಿಕೊಂಡು ಬಂದದ್ದನ್ನು ಹೇಳಿದೆ. ತಪ್ಪಾಯಿತು, ಕ್ಷಮಿಸಿ ಎಂದೆ. ಆಕೆ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ನನ್ನ ಕೈಗೆ ಕೊಟ್ಟಳು.

“ಮರತೇನಿ ಅನ್ನಾಕ ಬರೂದಿಲ್ಲ ತಂಗಿ. ಉಣ್ಣು. ಬಿಸಲಾಗ ಬಂದೀದಿ.”

ಉಂಡೆ. ಆಕೆ ಎದುರಿಗೆ ಕೂತು, ನಾನು ಮುಗಿಸುವವರೆಗೂ ಬೇರೆ ಕಡೆ ನೋಡುತ್ತಿದ್ದಳು. ನೀರು ಕೊಟ್ಟಳು. ಇನ್ನು ಬರತೇನ್ರಿ ಎಂದೆ. ಹೂಂ ಎಂದು ಎದ್ದು, ಸೆರಗು ಬಿಗಿದುಕೊಂಡು ಸಾಲಿಗೆ ಹೋದಳು. ನಾನು ದಾರಿಗೆ ಬರುವವರೆಗೂ ಅವರು ಯಾರೂ ಹಾಡಲಿಲ್ಲ. ಆಮೇಲೆ ಹಾಡಿದರೋ ಇಲ್ಲವೋ ಗೊತ್ತಿಲ್ಲ. ರಾಮದುರ್ಗದ ಕಡೆ ಹೊರಟ ಟಂಟಂ ಬಂತು, ಹತ್ತಿಕೊಂಡೆ.